ಸುಂಕದಕಟ್ಟೆಯ ಸಂಭಾವಿತ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲ ಎಂದು ನಮ್ಮ ಕಡೆ ಗಾದೆ. ಇಪ್ಪತ್ತೆರಡು ವರ್ಷಗಳಿಂದ ಮುಂಬೈ ಬಂದರಿನ ಕಾಗದಪತ್ರಗಳ ನಡುವೆ ಬದುಕುತ್ತಿರುವ ನನಗೆ ಆ ಗಾದೆಯ ಎರಡೂ ಮಗ್ಗುಲು ಗೊತ್ತು. ಸರಕಿನ ಪಟ್ಟಿ, ತೂಕ, ದರ, ಸಹಿ, ಮೊಹರು. ಎದುರಿಗೆ ನಿಂತವನ ಮಗಳ ಮದುವೆಯಾಗಲಿ, ತಾಯಿಯ ಆಪರೇಷನ್ ಆಗಲಿ ಯಾವ ಕಾಲಮ್ಮಿನಲ್ಲೂ ಬರುವುದಿಲ್ಲ. ಹಾಗಿರುವಾಗ, ಬಂದರಿನಲ್ಲಿ ಹನ್ನೆರಡು ವರ್ಷ ಸುಂಕದ ಲೆಕ್ಕ ಬರೆದವನೊಬ್ಬ ಇಂಗ್ಲೆಂಡಿನ ಸುಖದುಃಖಕ್ಕೆಲ್ಲ ಕಿವಿಗೊಟ್ಟು ಬರೆದಿಟ್ಟ ಎಂಬುದು ನನಗೆ ತೀರಾ ತಡವಾಗಿ ತಿಳಿಯಿತು.

ಅವನು ಜೆಫ್ರಿ ಚಾಸರ್. ಧಾರವಾಡದಲ್ಲಿ ಬಿ.ಎ. ಓದುವಾಗ ಕ್ಯಾಂಟರ್‌ಬರಿ ಕಥೆಗಳ ಪೀಠಿಕೆ ನಮಗೆ ಪಠ್ಯವಾಗಿತ್ತು. ಇಂಗ್ಲಿಷ್ ಕಾವ್ಯದ ಪಿತಾಮಹ ಎಂದು ಬರೆದರೆ ಅಂಕ ಬರುತ್ತಿತ್ತು. ಅವನ ಹೊಟ್ಟೆಪಾಡು ಏನಾಗಿತ್ತು ಎಂದು ನಾವೂ ಕೇಳಲಿಲ್ಲ, ಮೇಷ್ಟ್ರೂ ಹೇಳಲಿಲ್ಲ. ಅವನ ಬದುಕಿನ ಬಗ್ಗೆ ಸುಮಾರು 500 ದಾಖಲೆಗಳು ಉಳಿದಿವೆ. ಸಂಬಳ, ಭತ್ಯೆ, ಪ್ರಯಾಣ, ಸಾಲ, ಮೊಕದ್ದಮೆ ಎಲ್ಲವೂ ಅದರಲ್ಲಿದೆ. ಅವನು ಕವಿ ಎಂದು ಮಾತ್ರ ಒಂದರಲ್ಲೂ ಇಲ್ಲ.

ಆ ಕಾಗದಗಳನ್ನೂ ಅವನ ಕಥೆಗಳನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಒಂದು ಪ್ರಶ್ನೆ ಅವನ ಬೆನ್ನು ಬಿಡಲೇ ಇಲ್ಲ ಅನ್ನಿಸುತ್ತದೆ. ಸಂಭಾವಿತ ಎಂದು ಯಾರನ್ನು ಕರೆಯಬೇಕು? ಅವನ ಕಾಲದ ಇಂಗ್ಲಿಷಿನಲ್ಲಿ ಇದಕ್ಕೆ ಜೆಂಟಿಲ್ ಎಂಬ ಪದವಿತ್ತು. ಲ್ಯಾಟಿನ್ನಿನ ಗೆನ್ಸ್ ಎಂಬ ಮೂಲದಿಂದ ಫ್ರೆಂಚಿನ ದಾರಿಯಾಗಿ ಬಂದದ್ದು. ಗೆನ್ಸ್ ಎಂದರೆ ವಂಶ, ಕುಲ. ನಮ್ಮ ಕುಲೀನ ಎಂಬ ಪದ ಬೆಳೆದದ್ದೂ ಹೀಗೆಯೇ ಅಲ್ಲವೇ? ಮೊದಲು ಒಳ್ಳೆಯ ಕುಲದಲ್ಲಿ ಹುಟ್ಟಿದವನು, ಆಮೇಲೆ ಒಳ್ಳೆಯ ನಡತೆಯವನು. ಈ ಎರಡು ಅರ್ಥಗಳ ನಡುವಿನ ಸಂದಿಯಲ್ಲಿ ಚಾಸರನ ಇಡೀ ಬದುಕು ಕಳೆಯಿತು.

ಅವನು ಹುಟ್ಟಿದ್ದು 1340ರ ದಶಕದ ಆರಂಭದಲ್ಲಿ, ಲಂಡನ್ನಿನ ಥೇಮ್ಸ್ ನದಿಯ ದಂಡೆಯ ವಿಂಟ್ರಿ ಎಂಬ ಕೇರಿಯಲ್ಲಿ. ತಂದೆ ಜಾನ್ ವೈನ್ ವ್ಯಾಪಾರಿ. ಚಾಸರ್ ಎಂಬ ಮನೆತನದ ಹೆಸರಿಗೆ ಪಾದರಕ್ಷೆ, ಕಾಲುಚೀಲ ಮಾಡುವವನು ಎಂಬ ಮೂಲಾರ್ಥ. ಅಲ್ಲಿಗೆ ಕುಲದ ವಿಷಯ ಮುಗಿಯಿತು. ಈ ತಂದೆ ಬಾಲಕನಾಗಿದ್ದಾಗ, 1324ರಲ್ಲಿ, ಇಪ್ಸ್‌ವಿಚ್ ಊರಿನ ಆಸ್ತಿಯ ಆಸೆಗೆ ಅವನ ಸೋದರತ್ತೆಯೇ ತನ್ನ ಮಗಳಿಗೆ ಕಟ್ಟಿಹಾಕಲೆಂದು ಅವನನ್ನು ಅಪಹರಿಸಿದ್ದಳು. ಆ ಪ್ರಕರಣದಲ್ಲಿ ಬಿದ್ದ ದಂಡ 250 ಪೌಂಡ್. ಅಪಹರಣ ಎಂಬ ಪದವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ವ್ಯಾಪಾರಿಯ ಮಗ ದೊಡ್ಡವರ ಮನೆಗೆ ಹೊಕ್ಕದ್ದು ಬಟ್ಟೆಯ ಮೂಲಕ. ಮೂರನೆಯ ಎಡ್ವರ್ಡ್ ದೊರೆಯ ಮಗ ಲಯನೆಲ್‌ನ ಹೆಂಡತಿ, ಅಲ್‌ಸ್ಟರಿನ ಕೌಂಟೆಸ್ ಎಲಿಜಬೆತ್. ಅವಳ ಮನೆಯ 1357ರ ಖರ್ಚಿನ ಪಟ್ಟಿಯ ಎರಡು ಹಾಳೆಗಳನ್ನು ಯಾರೋ ಇನ್ನೊಂದು ಹಸ್ತಪ್ರತಿಯ ರಟ್ಟಿಗೆ ಅಂಟಿಸಿದ್ದರಿಂದ ಅವು ಉಳಿದುಕೊಂಡವು. ಅದರಲ್ಲಿ ಜೆಫ್ರಿ ಚಾಸರ್ ಎಂಬ ಹುಡುಗನಿಗೆ ಒಂದು ಗಿಡ್ಡ ಮೇಲಂಗಿ, ಕೆಂಪು ಕಪ್ಪು ಬಣ್ಣದ ಕಾಲುಚೀಲ, ಒಂದು ಜೊತೆ ಜೋಡು ಕೊಡಿಸಿದ ಲೆಕ್ಕವಿದೆ. ಕವಿಯ ಬಗ್ಗೆ ಸಿಗುವ ಮೊದಲ ದಾಖಲೆಯೇ ಯೂನಿಫಾರ್ಮಿನ ಬಿಲ್ಲು! ಬಟ್ಟೆ ಆಗ ಸಣ್ಣ ಸಂಗತಿಯಲ್ಲ. 1363ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಯಾವ ದರ್ಜೆಯವರು ಎಷ್ಟು ಬೆಲೆಯ ಬಟ್ಟೆ ಉಡಬೇಕು ಎಂದು ಕಾನೂನನ್ನೇ ಮಾಡಿತು. ಅದನ್ನು ಬೇಗನೆ ಹಿಂತೆಗೆದುಕೊಳ್ಳಬೇಕಾಯಿತು, ಆ ಮಾತು ಬೇರೆ. ದೊಡ್ಡಸ್ತಿಕೆ ರಕ್ತದಲ್ಲಿ ಇದ್ದಿದ್ದರೆ ಅದನ್ನು ಅಂಗಿಯಲ್ಲಿ ಕಾಯುವ ಗರಜು ಏನಿತ್ತು ಎಂದು ನನಗನ್ನಿಸುತ್ತದೆ.

ಮುಂದಿನ ವರ್ಷಗಳನ್ನು ಬೇಗ ಹೇಳಿ ಮುಗಿಸಬಹುದು. ಫ್ರಾನ್ಸಿನ ದಂಡಯಾತ್ರೆಗೆ ಹೋದ, ಸೆರೆ ಸಿಕ್ಕ, 1360ರಲ್ಲಿ ದೊರೆ 16 ಪೌಂಡ್ ಕೊಟ್ಟು ಅವನ ಬಿಡುಗಡೆಗೆ ನೆರವಾದ. ಆಮೇಲೆ ರಾಜನ ಮನೆಯ ಸೇವಕ, ಅನಂತರ ಎಸ್ಕ್ವೈರ್, ಅಂದರೆ ನೈಟ್‌ಗಿಂತ ಒಂದು ಮೆಟ್ಟಿಲು ಕೆಳಗೆ. ರಾಣಿಯ ಸಖಿಯರಲ್ಲಿ ಒಬ್ಬಳಾದ ಫಿಲಿಪಾಳನ್ನು ಮದುವೆಯಾದ. ರಾಜಕಾರ್ಯಕ್ಕಾಗಿ 1372ರ ಕೊನೆಯಲ್ಲಿ ಜಿನೋವಾ, ಫ್ಲಾರೆನ್ಸ್‌ಗೆ ಹೊರಟ, 1378ರಲ್ಲಿ ಮತ್ತೆ ಇಟಲಿಗೆ ಹೋದ. ಡಾಂಟೆಯ, ಬೊಕಾಚಿಯೋನ ಬರಹಗಳು ಅವನ ಕೈಗೆ ಸೇರಿದ್ದಕ್ಕೆ ಈ ಓಡಾಟದ ಋಣವಿದೆ.

1374ರಲ್ಲಿ ಸುಂಕದ ಹುದ್ದೆ ಬಂತು. ಲಂಡನ್ ಬಂದರಿನ ಉಣ್ಣೆ ಸುಂಕದ ಕಂಟ್ರೋಲರ್. ಇಂಗ್ಲೆಂಡಿನ ಬೊಕ್ಕಸ ನಿಂತಿದ್ದೇ ಉಣ್ಣೆಯ ಮೇಲೆ. ಕಂಟ್ರೋಲರ್ ತನ್ನ ಕೈಯಿಂದಲೇ ಲೆಕ್ಕದ ಸುರುಳಿ ಬರೆಯಬೇಕು, ಬದಲಿ ಆಳಿಡುವಂತಿಲ್ಲ ಎಂದು ಆದೇಶ. ಸುಂಕ ಕಟ್ಟಿದ ಸರಕಿಗೆ ಒತ್ತುವ ಮೊಹರು ಎರಡು ಹೋಳು: ಒಂದು ವಸೂಲಿದಾರರ ಹತ್ತಿರ, ಇನ್ನೊಂದು ಇವನ ಹತ್ತಿರ. ಎರಡೂ ಕೂಡಿದರೇ ಮೊಹರು. ಈ ಏರ್ಪಾಡಿನ ಮರ್ಮ ನಮ್ಮ ಕಸುಬಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಯಾರನ್ನೂ ಪೂರ್ತಿ ನಂಬಬೇಡ ಎಂಬುದೇ ಅದು. ಇವನು ತಪಾಸಣೆ ಮಾಡಬೇಕಾಗಿದ್ದ ವಸೂಲಿದಾರರಾದರೂ ಯಾರು? ನಿಕೊಲಸ್ ಬ್ರೆಂಬರ್, ವಿಲಿಯಂ ವಾಲ್ವರ್ತ್, ಜಾನ್ ಫಿಲಿಪಾಟ್‌ರಂಥ ಕುಬೇರರು, ದೊರೆಗೇ ಸಾಲ ಕೊಡುವ ವರ್ತಕರು. ಅಂಥವರ ಲೆಕ್ಕವನ್ನು ಒಬ್ಬ ಎಸ್ಕ್ವೈರ್ ಎಷ್ಟು ಬಿಗಿಯಾಗಿ ನೋಡಿರಬಹುದು ಎಂಬುದನ್ನು ನೀವೇ ಊಹಿಸಿ. ಬಂದರಿನಲ್ಲಿ ಹನ್ನೆರಡು ವರ್ಷ ಒಂದೇ ಕುರ್ಚಿಯಲ್ಲಿ ಉಳಿದವನು ಎಲ್ಲವನ್ನೂ ನೋಡಿದ್ದಾನೆ, ಎಲ್ಲವನ್ನೂ ಹೇಳಿಲ್ಲ ಎಂದೇ ನನ್ನ ತೀರ್ಮಾನ. ಹಾಗೆಂದು ಏನೂ ಮಾಡಲಿಲ್ಲವೆಂದೂ ಅಲ್ಲ. ಸುಂಕ ತಪ್ಪಿಸಿ ಉಣ್ಣೆ ಸಾಗಿಸಿದ ಜಾನ್ ಕೆಂಟ್ ಎಂಬ ವ್ಯಾಪಾರಿಗೆ ಹಾಕಿದ ದಂಡದ 71 ಪೌಂಡ್ 4 ಶಿಲಿಂಗ್ 6 ಪೆನ್ಸ್ 1376ರಲ್ಲಿ ಚಾಸರನಿಗೆ ಇನಾಮಾಗಿ ಸಿಕ್ಕಿತು.

ಹುದ್ದೆಯ ಜೊತೆಗೇ ಮನೆಯೂ ಬಂತು. ನಗರದ ಕೋಟೆಗೋಡೆಯ ಆಲ್ಡ್‌ಗೇಟ್ ಎಂಬ ಹೆಬ್ಬಾಗಿಲ ಮೇಲಿನ ಕೋಣೆಗಳು, ಬಾಡಿಗೆಯಿಲ್ಲದೆ. ಹಗಲು ಉಣ್ಣೆ ಮೂಟೆ, ರಾತ್ರಿ ಪುಸ್ತಕ. ಕೆಳಗೆ ಊರಿನೊಳಕ್ಕೆ ಹೋಗುವ, ಬರುವ ಜನ.

1381ರ ಜೂನ್ 13ರಂದು ಅದೇ ಬಾಗಿಲಿನಿಂದ ಎಸೆಕ್ಸಿನ ರೈತರು ಒಳನುಗ್ಗಿದರು. ತಲೆಗಂದಾಯದ ವಿರುದ್ಧ ಎದ್ದ ದಂಗೆ ಅದು. ಜಾನ್ ಬಾಲ್ ಎಂಬ ಪಾದ್ರಿ ಅವರಿಗೆ ಉಪದೇಶ ಮಾಡುತ್ತ, ಆದಿಯಲ್ಲಿ ಮೊದಲ ಗಂಡಸು ನೆಲ ಅಗೆದು ಮೊದಲ ಹೆಂಗಸು ನೂಲು ತೆಗೆಯುತ್ತಿದ್ದ ಕಾಲಕ್ಕೆ ಕುಲೀನನೆಂಬವನು ಎಲ್ಲಿದ್ದ ಎಂದು ಕೇಳಿದನಂತೆ. ಚಾಸರನ ಪ್ರಶ್ನೆಯೇ ಬೀದಿಗೆ ಬಂದಿತ್ತು, ಕೈಯಲ್ಲಿ ಕೊಡಲಿ ಹಿಡಿದು. ಹಾಗೆ ಬಂದಾಗ ಅದರ ಮುಖ ಬರೀ ಚೆಲುವಾಗಿರಲಿಲ್ಲ. ಚಾಸರ್ ಹುಟ್ಟಿದ ವಿಂಟ್ರಿಯ ಚರ್ಚಿನಲ್ಲಿ ಅಡಗಿದ್ದ ಫ್ಲಾಂಡರ್ಸಿನ ವಲಸೆಗಾರರನ್ನು ಹೊರಗೆಳೆದು ಕೊಂದರು. ಹೊಟ್ಟೆಪಾಡಿಗೆ ಪರವೂರಿಗೆ ಬಂದ ಜನ ಅವರು. ಈ ಸಾಲನ್ನು ಓದುವಾಗ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಎರಡು ದಿನದ ಮೇಲೆ, ಆಗ ಮೇಯರಾಗಿದ್ದ ವಾಲ್ವರ್ತ್ ದಂಗೆಯ ನಾಯಕ ವಾಟ್ ಟೈಲರನನ್ನು ದೊರೆಯ ಕಣ್ಣೆದುರೇ ಇರಿದ. ಅವನನ್ನೂ ಬ್ರೆಂಬರ್, ಫಿಲಿಪಾಟರನ್ನೂ ದೊರೆ ನೈಟ್ ಮಾಡಿದ. ಸುಂಕದಕಟ್ಟೆಯ ಮೂವರು ವಸೂಲಿದಾರರು ಒಂದೇ ಏಟಿಗೆ ಕುಲೀನರಾದರು. ಲೆಕ್ಕ ಬರೆಯುವವನು ಲೆಕ್ಕ ಬರೆಯುತ್ತಲೇ ಉಳಿದ. ಜಾನ್ ಬಾಲನನ್ನು ಜುಲೈಯಲ್ಲಿ ಗಲ್ಲಿಗೇರಿಸಿದರು. ಈ ದಂಗೆಯನ್ನು ಚಾಸರ್ ಹೆಸರಿಸಿ ನೆನೆದದ್ದು ಒಮ್ಮೆ ಮಾತ್ರ, ಅದೂ ಕೋಳಿ ಕದ್ದ ನರಿಯ ಹಿಂದೆ ಊರೇ ಓಡುವ ತಮಾಷೆಯ ಕಥೆಯೊಂದರ ನಡುವೆ.

ಐದು ವರ್ಷ ಕಳೆದು 1386ರ ಅಕ್ಟೋಬರ್ 15ರಂದು ಅವನು ವೆಸ್ಟ್‌ಮಿನ್‌ಸ್ಟರ್ ಮಠದ ಊಟದ ಶಾಲೆಯಲ್ಲಿ ಸಾಕ್ಷಿ ಹೇಳಿದ. ಅವನ ಬದುಕಿನಲ್ಲಿ ನನಗೆ ಅತ್ಯಂತ ಇಷ್ಟದ ದೃಶ್ಯ ಇದು. ಸ್ಕ್ರೋಪ್ ಮತ್ತು ಗ್ರೋವ್ನರ್ ಎಂಬ ಎರಡು ಮನೆತನಗಳು ನೀಲಿಯ ಮೇಲೆ ಚಿನ್ನದ ಓರೆಪಟ್ಟಿಯ ಲಾಂಛನ ತಮ್ಮದು ಎಂದು ವರ್ಷಗಟ್ಟಲೆ ಬಡಿದಾಡಿದವು. ನೂರಾರು ಸಾಕ್ಷಿಗಳು ಬಂದು ಹೋದರು. ನಲವತ್ತು ದಾಟಿದ ಎಸ್ಕ್ವೈರ್ ಎಂದು ತನ್ನನ್ನು ದಾಖಲಿಸಿಕೊಂಡು ಚಾಸರ್ ಹೇಳಿದ್ದು ಒಂದು ಪುಟ್ಟ ಕಥೆ. ಫ್ರೈಡೇ ಸ್ಟ್ರೀಟಿನಲ್ಲಿ ನಡೆದು ಹೋಗುತ್ತಿದ್ದಾಗ ಈ ಲಾಂಛನದ ಹೊಸ ಫಲಕ ತೂಗುತ್ತಿರುವುದು ಕಂಡಿತು. ಸ್ಕ್ರೋಪರು ಇಲ್ಲಿ ಇಳಿದುಕೊಂಡಿದ್ದಾರೆಯೇ ಎಂದು ವಿಚಾರಿಸಿದೆ. ಅಲ್ಲ, ಅದು ಸರ್ ರಾಬರ್ಟ್ ಗ್ರೋವ್ನರ್‌ನದು ಎಂದು ಅಲ್ಲಿದ್ದವನೊಬ್ಬ ಹೇಳಿದ. ಆ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು. ಇಷ್ಟೇ. ಸಾಕ್ಷಿ ಸ್ಕ್ರೋಪನ ಪರ, ಗೆದ್ದವನೂ ಸ್ಕ್ರೋಪನೇ. ಆದರೆ ಕುಲದ ಹಿರಿಮೆ ಎಂಬುದು ಬೀದಿಯಲ್ಲಿ ತೂಗುವ ಹಲಗೆಯಾಗಿ, ಅದು ಯಾರದ್ದೆಂದು ದಾರಿಹೋಕನನ್ನು ಕೇಳಬೇಕಾದ ವಸ್ತುವಾಗಿ ಅಲ್ಲಿ ನಿಂತುಬಿಟ್ಟಿದೆ. ಅವನು ಬೇಕೆಂದೇ ಹಾಗೆ ಹೇಳಿದನೋ ಗೊತ್ತಾಗದಂತೆ ಹೇಳುವುದು ಚಾಸರನ ಜಾಣ್ಮೆ.

ಹೆಚ್ಚುಕಡಿಮೆ ಅದೇ ಕಾಲಕ್ಕೆ ಕ್ಯಾಂಟರ್‌ಬರಿ ಕಥೆಗಳು ಶುರುವಾದವು. ಯಾತ್ರಿಕರಲ್ಲಿ ಮೊದಲು ಬರುವವನು ನೈಟ್. ಅವನ ಗುರುತಾಗಿ ಕವಿ ತೋರಿಸುವುದು ಲಾಂಛನವನ್ನಲ್ಲ, ಕಬ್ಬಿಣದ ಕವಚದ ತುಕ್ಕು ಹತ್ತಿ ಕಲೆಯಾದ ಒರಟು ಬಟ್ಟೆಯ ಅಂಗಿಯನ್ನು. ಯಾರೊಂದಿಗೂ ಕೆಟ್ಟ ಮಾತಾಡದವನು ಅವನು. ಇನ್ನೊಂದು ತುದಿಗೆ ಫ್ರಾಂಕ್ಲಿನ್: ಭೂಮಿ, ದುಡ್ಡು, ತುಂಬಿದ ಊಟದ ಮೇಜು ಎಲ್ಲ ಇದ್ದೂ ತನ್ನ ಮಗ ಕುಲೀನರ ಸಹವಾಸ ಬಿಟ್ಟು ಜೂಜಾಡುತ್ತಾನೆಂದು ಕೊರಗುವವನು. ಛತ್ರದ ಯಜಮಾನ ಅವನ ಸಂಭಾವಿತಿಕೆಯನ್ನು ಹುಲ್ಲಿಗೆ ಸಮ ಎಂದು ಹೀಯಾಳಿಸುತ್ತಾನೆ. ಆದರೆ ಆ ಫ್ರಾಂಕ್ಲಿನ್ ಹೇಳುವ ಕಥೆಯಲ್ಲಿ ಒಬ್ಬ ನೈಟ್, ಒಬ್ಬ ಎಸ್ಕ್ವೈರ್, ಕೊನೆಗೆ 1000 ಪೌಂಡಿನ ಸಾಲ ಬಿಟ್ಟುಕೊಡುವ ಒಬ್ಬ ಓದಿದ ಮಾಂತ್ರಿಕ, ಮೂವರೂ ಒಬ್ಬರನ್ನು ನೋಡಿ ಒಬ್ಬರು ದೊಡ್ಡವರಾಗುತ್ತಾರೆ. ಔದಾರ್ಯಕ್ಕೆ ದರ್ಜೆಯ ಹಂಗಿಲ್ಲ.

ಇದರ ಅತಿ ಖಾರವಾದ ಮಾತನ್ನು ಅವನು ಇಟ್ಟಿದ್ದು ಬಾತ್ ಊರಿನ ಹೆಂಗಸು ಹೇಳುವ ಕಥೆಯಲ್ಲಿ. ಆರ್ಥರ್ ದೊರೆಯ ಆಸ್ಥಾನದ ಯುವ ನೈಟ್ ಒಬ್ಬ ದಾರಿಯಲ್ಲಿ ಒಂಟಿ ಹುಡುಗಿಯ ಮೇಲೆ ಅತ್ಯಾಚಾರ ಮಾಡುತ್ತಾನೆ. ದೊರೆ ಮರಣದಂಡನೆ ವಿಧಿಸುತ್ತಾನೆ. ರಾಣಿ ತಡೆದು, ಹೆಂಗಸರು ಎಲ್ಲಕ್ಕಿಂತ ಹೆಚ್ಚಾಗಿ ಬಯಸುವುದೇನು ಎಂದು ವರ್ಷದೊಳಗೆ ತಿಳಿದು ಬಂದರೆ ಜೀವ ಉಳಿಯುತ್ತದೆ ಎನ್ನುತ್ತಾಳೆ. ಉತ್ತರ ಕೊಟ್ಟ ಕುರೂಪಿ ಮುದುಕಿಯನ್ನು ಅವನು ಮದುವೆಯಾಗಬೇಕಾಗುತ್ತದೆ. ಮೊದಲ ರಾತ್ರಿ ಮುಖ ತಿರುಗಿಸಿ ಮಲಗಿದವನು ಕೊಡುವ ಕಾರಣಗಳಲ್ಲಿ ಒಂದು, ಅವಳು ಕೀಳು ಕುಲದವಳು ಎಂಬುದು. ಹುಡುಗಿಯನ್ನು ಕೆಡಿಸಿದವನಿಗೆ ಕುಲದ ಚಿಂತೆ! ಮುದುಕಿ ಆಗ ಉದ್ದಕ್ಕೂ ತಿಳಿಹೇಳುತ್ತಾಳೆ. ಬೆಂಕಿಯನ್ನು ಕಾಕಸಸ್ ಬೆಟ್ಟದಷ್ಟು ದೂರದ ಕತ್ತಲ ಮನೆಯಲ್ಲಿಟ್ಟು ಬಾಗಿಲು ಮುಚ್ಚಿ ಬಂದರೂ ಅದು ಆರುವವರೆಗೆ ತನ್ನ ಗುಣದಂತೆ ಉರಿಯುತ್ತದೆ; ಹಿರಿಮೆಯೂ ಹಾಗೆ ವಂಶದ ಗುಣವಾಗಿದ್ದರೆ ದೊರೆಮಕ್ಕಳು ನೀಚ ಕೆಲಸ ಮಾಡುವುದು ಎಲ್ಲಿಂದ ಬಂತು ಎಂಬುದು ಅವಳ ವಾದ. ಹಿರಿಯರಿಂದ ಬರುವುದು ಆಸ್ತಿ. ಗುಣ ಬರುವುದು ದೇವರಿಂದ. ಅವಳು ಡಾಂಟೆಯನ್ನೂ ಸೆನೆಕನನ್ನೂ, ಚಾಸರ್ ತಾನೇ ಇಂಗ್ಲಿಷಿಗೆ ತಂದ ಬೊಯೀಥಿಯಸನನ್ನೂ ಸಾಕ್ಷಿಗೆ ಕರೆಯುತ್ತಾಳೆ. ಇದೇ ಕಥೆಯನ್ನು ಚಾಸರನ ಗೆಳೆಯ ಜಾನ್ ಗವರ್ ಕೂಡ ಬರೆದಿದ್ದಾನೆ. ಅಲ್ಲಿ ನಾಯಕ ಸಜ್ಜನ, ಅತ್ಯಾಚಾರಿಯಲ್ಲ. ಈ ಉಪದೇಶವೂ ಇಲ್ಲ. ಪಾಪವನ್ನೂ ಪಾಠವನ್ನೂ ಒಂದೇ ಕಥೆಯಲ್ಲಿ ಎದುರುಬದುರು ಕೂರಿಸಿದವನು ಚಾಸರ್.

ಈ ಕಥೆಯ ಬಳಿ ಬಂದಾಗಲೇ ನನ್ನ ಮಗಳು ಪುಸ್ತಕ ಮುಚ್ಚಿದ್ದು. ಪುಣೆಯಲ್ಲಿ ಇಂಗ್ಲಿಷ್ ಸಾಹಿತ್ಯ ಓದುತ್ತಿದ್ದಳು. ಇದನ್ನು ಬರೆದವನ ಮೇಲೆಯೇ ಆ ಆರೋಪವಿದೆ, ಅವನಿಂದ ಸಂಭಾವಿತರ ಪಾಠ ನನಗೆ ಬೇಡ ಎಂದಳು. ನನ್ನ ಹತ್ತಿರ ಉತ್ತರವಿರಲಿಲ್ಲ. ಕಾಗದ ಇದ್ದದ್ದು ನಿಜ. 1380ರ ಮೇ 4ರಂದು ಸಿಸಿಲಿ ಚಾಂಪೇನ್ ಎಂಬ ಹೆಣ್ಣುಮಗಳು ರಾಪ್ಟಸ್ ವಿಷಯವಾಗಿ ಚಾಸರನ ಮೇಲೆ ತನಗೆ ಯಾವ ದಾವೆಯೂ ಇಲ್ಲವೆಂದು ಬರೆದುಕೊಟ್ಟಿದ್ದಾಳೆ. ಆ ಲ್ಯಾಟಿನ್ ಪದಕ್ಕೆ ಅತ್ಯಾಚಾರ ಎಂಬ ಅರ್ಥವೂ ಇದೆ, ಅಪಹರಣ ಎಂಬ ಅರ್ಥವೂ ಇದೆ. ಅವನ ತಂದೆಗೆ ಆದದ್ದು ಎರಡನೆಯದು. ಪತ್ರಕ್ಕೆ ಸಾಕ್ಷಿ ಹಾಕಿದವರು ರಾಜನ ಹತ್ತಿರದ ನೈಟ್‌ಗಳು, ಜೊತೆಗೆ ಸುಂಕದ ಫಿಲಿಪಾಟ್. ಜಾನ್ ಗ್ರೋವ್ ಎಂಬವನು ಅವಳಿಗೆ 10 ಪೌಂಡ್ ಕೊಡಲು ಒಪ್ಪಿದ. ಇಷ್ಟು ಸಾಕ್ಷ್ಯ ಇಟ್ಟುಕೊಂಡು ಯಾರಾದರೂ ಏನೆಂದುಕೊಳ್ಳಬೇಕು? 1873ರಲ್ಲಿ ಈ ಪತ್ರ ಬೆಳಕಿಗೆ ಬಂದಾಗಿನಿಂದ ಪಂಡಿತರು ಹಾಗೂ ಹೀಗೂ ಎಳೆದಾಡುತ್ತಲೇ ಇದ್ದರು. ನಾನು ಕವಿ ಬೇರೆ, ಕಾವ್ಯ ಬೇರೆ ಎಂದು ಸಡಿಲ ಮಾತಾಡಿ ಜಾರಿಕೊಂಡೆ. ಬಂದರಿನಲ್ಲಿ ಇಷ್ಟು ವರ್ಷ ಇದ್ದವನಿಗೆ ಜಾರಿಕೊಳ್ಳುವುದು ಸುಲಭ.

2022ರ ಅಕ್ಟೋಬರಿನಲ್ಲಿ ಯುವಾನ್ ರೋಜರ್ ಮತ್ತು ಸೆಬಾಸ್ಟಿಯನ್ ಸೊಬೆಕಿ ಎಂಬ ಇಬ್ಬರು ವಿದ್ವಾಂಸರು ಬ್ರಿಟನ್ನಿನ ಪತ್ರಾಗಾರದಿಂದ ಹೊಸ ಕಾಗದಗಳನ್ನು ಹೊರತೆಗೆದರು. 1379ರಲ್ಲಿ ಥಾಮಸ್ ಸ್ಟಾಂಡನ್ ಎಂಬವನು ಕಾರ್ಮಿಕರ ಕಾನೂನಿನಡಿ ಸಿಸಿಲಿ ಮತ್ತು ಚಾಸರ್ ಇಬ್ಬರ ಮೇಲೂ ದಾವೆ ಹೂಡಿದ್ದ. ತನ್ನ ಮನೆಯ ಚಾಕರಿಯನ್ನು ಅವಧಿ ಮುಗಿಯುವ ಮೊದಲೇ ಬಿಟ್ಟು ಅವಳು ಚಾಸರನ ಚಾಕರಿಗೆ ಹೋದಳು ಎಂಬುದು ಅವನ ದೂರು. ಮಹಾಮಾರಿ ಪ್ಲೇಗಿನ ನಂತರ ಆಳುಗಳ ಬರ ಬಿದ್ದು, ಅವರು ಹೆಚ್ಚಿನ ಕೂಲಿಗೆ ಧಣಿ ಬದಲಿಸದಂತೆ 1351ರಲ್ಲಿ ಮಾಡಿದ ಕಾನೂನು ಅದು. ಅಂದರೆ ಅವಳೂ ಇವನೂ ಎದುರಾಳಿಗಳಲ್ಲ, ಒಂದೇ ಕಟಕಟೆಯ ಪ್ರತಿವಾದಿಗಳು. ಅವಳು ಬರೆದುಕೊಟ್ಟ ಪತ್ರ ಆ ಮೊಕದ್ದಮೆಯ ಭಾಗವೆಂದು ಅವರ ವಿವರಣೆ.

ಸುದ್ದಿ ಓದಿದ ರಾತ್ರಿಯೇ ಮಗಳಿಗೆ ಕಳಿಸಿದೆ. ಗೆದ್ದವನ ಹುಮ್ಮಸ್ಸು ಇತ್ತೆಂದು ಒಪ್ಪಿಕೊಳ್ಳುತ್ತೇನೆ. ಮರುದಿನ ಅವಳಿಂದ ಬಂದ ಉತ್ತರ ಚಿಕ್ಕದಾಗಿತ್ತು. ಆ ಆರೋಪ ಬಿದ್ದರೆ ಒಳ್ಳೆಯದೇ, ಕಥೆಯನ್ನು ಪೂರ್ತಿ ಓದುತ್ತೇನೆ ಎಂದಿದ್ದಳು. ಆದರೆ ಇಬ್ಬರು ಯಜಮಾನರ ನಡುವೆ ಅವಳು ಯಾರ ಆಳು ಎಂಬ ಜಗಳದ ಕಾಗದ ಸಿಕ್ಕಿದೆಯೇ ಹೊರತು ಅವಳು ಕೆಲಸ ಬಿಟ್ಟದ್ದು ಏಕೆ ಎಂದು ಯಾರೂ ಬರೆದಿಲ್ಲವಲ್ಲ ಎಂದೂ ಸೇರಿಸಿದ್ದಳು. ಫ್ರಾಂಕ್ಲಿನ್ನನ ಕಥೆಯ ಕೊನೆಗೆ ಮೂವರು ಗಂಡಸರಲ್ಲಿ ಯಾರು ಹೆಚ್ಚು ಉದಾರಿ ಎಂದು ಕೇಳುತ್ತಾರೆ, ಯಾರ ಮಾತಿನ ಮೇಲೆ ಇದೆಲ್ಲ ನಡೆಯಿತೋ ಆ ಡೊರಿಗೆನ್ ಎಂಬ ಹೆಂಡತಿಯ ಹೆಸರು ಆ ಪ್ರಶ್ನೆಯಲ್ಲೇ ಇಲ್ಲ, ನೋಡಿದಿರಾ ಎಂದು ಕೇಳಿದ್ದಳು. ನಾನು ನೋಡಿರಲಿಲ್ಲ.

1386ರ ಕೊನೆಗೆ ಚಾಸರ್ ಸುಂಕದ ಹುದ್ದೆ ಬಿಟ್ಟ, ಆಲ್ಡ್‌ಗೇಟಿನ ಮನೆಯೂ ಕೈಬಿಟ್ಟಿತು. ಎರಡು ವರ್ಷದಲ್ಲಿ ದೊರೆಯ ವಿರೋಧಿಗಳ ಕೈ ಮೇಲಾಗಿ ಬ್ರೆಂಬರ್ ಗಲ್ಲಿಗೇರಿದ. ಗದ್ದಲದ ಹೊತ್ತಿಗೆ ದೂರ ಸರಿದಿದ್ದ ಚಾಸರ್ ಸಾಲಗಾರರ ಮೊಕದ್ದಮೆ ಎದುರಿಸುತ್ತ ಬದುಕಿಕೊಂಡ. 1389ರಲ್ಲಿ ರಾಜನ ಕಟ್ಟಡಗಳ ಮೇಲ್ವಿಚಾರಕನಾದ. ದಿನಕ್ಕೆ 2 ಶಿಲಿಂಗ್ ಸಂಬಳ. ನೈಟ್‌ಗಳ ಕಾಳಗದ ಆಟಕ್ಕೆ ಸ್ಮಿತ್‌ಫೀಲ್ಡಿನಲ್ಲಿ ಅಟ್ಟಣಿಗೆ ಕಟ್ಟಿಸುವುದೂ ಅವನ ಕೆಲಸವಾಗಿತ್ತು. ಕುಲೀನರ ಆಟ, ಇವನ ಮರಮಟ್ಟಿನ ಲೆಕ್ಕ. 1390ರ ಸೆಪ್ಟೆಂಬರಿನಲ್ಲಿ ಸರಕಾರಿ ಹಣ ಒಯ್ಯುತ್ತಿದ್ದಾಗ ದಾರಿಯಲ್ಲಿ ಕಳ್ಳರು ಬಿದ್ದು 20 ಪೌಂಡಿಗೂ ಹೆಚ್ಚು ಹಣವನ್ನೂ ಕುದುರೆಯನ್ನೂ ಕಿತ್ತುಕೊಂಡರು. ಮರುವರ್ಷ ಆ ಹುದ್ದೆಯೂ ಹೋಯಿತು. ಕಥೆಗಳು ಮಾತ್ರ ಬೆಳೆಯುತ್ತಿದ್ದವು. ಅವುಗಳೊಳಗೆ ತನ್ನನ್ನೂ ಒಬ್ಬ ಯಾತ್ರಿಕನಾಗಿ ಸೇರಿಸಿಕೊಂಡಿದ್ದಾನೆ: ಮೊಲ ಹುಡುಕುವವನಂತೆ ಸದಾ ನೆಲ ನೋಡುವ, ಯಾರೊಂದಿಗೂ ಹೆಚ್ಚು ಬೆರೆಯದ ದುಂಡಗಿನ ಮನುಷ್ಯ.

1399ರ ಕ್ರಿಸ್ಮಸ್ ಹಿಂದಿನ ದಿನ ವೆಸ್ಟ್‌ಮಿನ್‌ಸ್ಟರ್ ಮಠದ ತೋಟದ ಮನೆಯೊಂದನ್ನು 53 ವರ್ಷದ ಕರಾರಿಗೆ ಹಿಡಿದ. ಸಮಾಧಿಯ ಬರಹದ ಪ್ರಕಾರ 1400ರ ಅಕ್ಟೋಬರ್ 25ರಂದು ತೀರಿಕೊಂಡ. ಅವನನ್ನು ಅಲ್ಲಿ ಹೂಳಿದ್ದು ಕವಿಯೆಂದಲ್ಲ, ಮಠದ ಬಾಡಿಗೆದಾರನೆಂದು. ಈಗಿನ ಸಮಾಧಿ ಕಟ್ಟಿಸಿದ್ದು 1556ರಲ್ಲಿ.

ಅವನ ಮಗ ಥಾಮಸ್ ಇಂಗ್ಲೆಂಡಿನ ಕೆಳಮನೆಗೆ ಐದು ಬಾರಿ ಸ್ಪೀಕರ್ ಆದ. ಮೊಮ್ಮಗಳು ಆಲಿಸ್ ಸಫೋಕಿನ ಡಚೆಸ್. ಅವಳ ಮೊಮ್ಮಗನನ್ನು ಮೂರನೆಯ ರಿಚರ್ಡ್ ತನ್ನ ಉತ್ತರಾಧಿಕಾರಿಯಂತೆ ಕಂಡಿದ್ದ. ಅವನು 1487ರ ಸ್ಟೋಕ್ ಕಾಳಗದಲ್ಲಿ ಸತ್ತ. ಥಾಮಸ್ ಮತ್ತು ಆಲಿಸ್ ಇಬ್ಬರ ಸಮಾಧಿಗಳೂ ಆಕ್ಸ್‌ಫರ್ಡ್ ಸೀಮೆಯ ಯುಯೆಲ್ಮ್ ಎಂಬ ಹಳ್ಳಿಯ ಚರ್ಚಿನಲ್ಲಿವೆ. ಥಾಮಸನ ಸಮಾಧಿಯ ಸುತ್ತ ಸಾಲಾಗಿ ಲಾಂಛನಗಳು. ಅಲ್ಲಿ ಎದ್ದು ಕಾಣುವುದು ಅವನ ತಾಯಿ ಫಿಲಿಪಾಳ ತವರಾದ ರೋಎಟ್ ಮನೆತನದ ಚಕ್ರಗಳು.